ಹೆಸರಿನ ಬೆನ್ನು ಬಿಡಿ, ಹೊಲದ ಬೆನ್ನು ಹಿಡಿಯಿರಿ: ವರ್ಜೀನಿಯಾದ ಹಳೆಯ ಮನೆತನದ ಮೂಲ ಹುಡುಕುವುದು ಹೇಗೆ?

ಅಮೆರಿಕದ ಜನಗಣತಿಯಲ್ಲಿ ಸ್ವತಂತ್ರ ಜನರ ಮನೆಯ ಪ್ರತಿಯೊಬ್ಬರ ಹೆಸರೂ ಬರತೊಡಗಿದ್ದು 1850ರಲ್ಲಿ. ಅದಕ್ಕೂ ಹಿಂದಿನ ಪಟ್ಟಿಗಳಲ್ಲಿ ಇರುವುದು ಯಜಮಾನನ ಹೆಸರು, ಉಳಿದವರದು ಬರೀ ತಲೆ ಲೆಕ್ಕ. ವರ್ಜೀನಿಯಾ ರಾಜ್ಯದಲ್ಲಿ ಜನನ–ಮರಣ ನೋಂದಣಿ ಶುರುವಾದದ್ದು 1853ರಲ್ಲಿ. ಅಮೆರಿಕದ ಸೊಸೆಯೋ ಅಳಿಯನೋ ಬಂದಿರುವ ಕನ್ನಡದ ಮನೆಗಳಲ್ಲಿ ಮಕ್ಕಳ ವಂಶವೃಕ್ಷದ ಒಂದು ಕೊಂಬೆ ಸಾಮಾನ್ಯವಾಗಿ ಇಲ್ಲೇ ನಿಲ್ಲುತ್ತದೆ. ಮುಂದಿನ ದಾರಿ ಇರುವುದು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ) ಕ್ರಯಪತ್ರ, ಉಯಿಲು ಮತ್ತು ಕೋರ್ಟಿನ ಪುಸ್ತಕಗಳಲ್ಲಿ.

ಮೊದಲು ಕೌಂಟಿಯ ಹುಟ್ಟು ತಿಳಿಯಬೇಕು. 1734ರಲ್ಲಿ ಸ್ಪಾಟ್ಸಿಲ್ವೇನಿಯಾದಿಂದ ಆರೆಂಜ್ ಬೇರೆಯಾಯಿತು. 1738ರ ಕಾಯ್ದೆ ಆರೆಂಜಿನಿಂದ ಫ್ರೆಡರಿಕ್ ಮತ್ತು ಆಗಸ್ಟಾ ಕೌಂಟಿಗಳನ್ನು ಮಾಡಿತು. ಆದರೆ ಫ್ರೆಡರಿಕ್‌ನ ಕೋರ್ಟು ಕೂತದ್ದು 1743ರಲ್ಲಿ, ಆಗಸ್ಟಾದ್ದು 1745ರಲ್ಲಿ. ನಡುವಿನ ವರ್ಷಗಳ ಪತ್ರಗಳೆಲ್ಲ ಆರೆಂಜಿನಲ್ಲೇ ಇವೆ. ಇದ್ದ ಜಾಗದಿಂದ ಕದಲದ ರೈತನ ಪತ್ರಗಳೂ ಎರಡು ಕೌಂಟಿಗಳಲ್ಲಿ ಹಂಚಿಹೋಗಿರುವುದು ಹೀಗೆ. ‘ಎಲ್ಲಿಂದಲೋ ಬಂದು ನೆಲೆಸಿದ’ ಎಂದು ವಂಶಾವಳಿಗಳಲ್ಲಿ ಬರೆಸಿಕೊಂಡ ಎಷ್ಟೋ ಜನ ಎಲ್ಲಿಂದಲೂ ಬಂದವರಲ್ಲ.

ಆಮೇಲೆ ಕ್ರಯಪತ್ರ ಪುಸ್ತಕಗಳ ಸೂಚಿ (ಇಂಡೆಕ್ಸ್). ಮಾರಿದವರದು ಒಂದು, ಕೊಂಡವರದು ಒಂದು. ಎರಡನ್ನೂ ನೋಡಿ, ಆ ಮನೆಹೆಸರಿನ ಎಲ್ಲ ನಮೂದುಗಳನ್ನೂ ಬರೆದುಕೊಳ್ಳಿ. ಸೂಚಿಯಲ್ಲಿ ಸಾಮಾನ್ಯವಾಗಿ ಮೊದಲ ಮಾರಾಟಗಾರನ ಹೆಸರು ಮಾತ್ರ ಇದ್ದು, ಉಳಿದವರು ‘ಮತ್ತಿತರರು’ ಆಗಿರುತ್ತಾರೆ. ಅಪ್ಪನ ಜಮೀನನ್ನು ಎಂಟು ಮಕ್ಕಳು ಸೇರಿ ಮಾರಿದ ಪತ್ರ ಹಿರಿಯ ಅಳಿಯನ ಹೆಸರಿನಡಿ ಅಡಗಿರಬಹುದು. ಸಾಕ್ಷಿಗಳ ಹೆಸರಂತೂ ಸೂಚಿಗೆ ಬರುವುದೇ ಇಲ್ಲ. ಫ್ಯಾಮಿಲಿಸರ್ಚ್ ಜಾಲತಾಣದ ಪೂರ್ಣಪಠ್ಯ ಹುಡುಕಾಟ ಈ ಕೊರತೆಯನ್ನು ಬಹಳಮಟ್ಟಿಗೆ ತುಂಬುತ್ತದೆ: ಕೈಬರಹವನ್ನು ಯಂತ್ರವೇ ಓದಿ, ಪತ್ರದ ಒಳಗಿನ ಹೆಸರನ್ನೂ ತೋರಿಸುತ್ತದೆ. ಖಾತೆ ಉಚಿತ. ಯಂತ್ರ ತಪ್ಪಾಗಿಯೂ ಓದುತ್ತದೆ, ಆದ್ದರಿಂದ ಹೆಸರಿನ ಜತೆಗೆ ಹಳ್ಳದ ಹೆಸರು ಹಾಕಿಯೂ ಹುಡುಕಿ.

ಪತ್ರ ಸಿಕ್ಕ ಮೇಲೆ ಪೂರ್ತಿ ಓದಬೇಕು, ಸಾರಾಂಶ ನಂಬಬಾರದು. ಬೆಲೆ 5 ಶಿಲಿಂಗ್ ಮಾತ್ರ ಎಂದಿದ್ದರೆ ಆತುರ ಬೇಡ. ‘ಪ್ರೀತಿ ವಾತ್ಸಲ್ಯದಿಂದ’ ಎಂಬ ಮಾತೂ ಇದ್ದರೆ ಅದು ದಾನಪತ್ರ, ನೆಂಟಸ್ತಿಕೆ ಬಹುಮಟ್ಟಿಗೆ ಖಚಿತ. ಆ ಮಾತಿಲ್ಲದೆ ‘ಒಂದು ವರ್ಷದ ಗೇಣಿ’ ಎಂದಿದ್ದರೆ ಪುಟ ತಿರುಗಿಸಿ: ಮರುದಿನದ ತಾರೀಖಿನ ಇನ್ನೊಂದು ಪತ್ರದಲ್ಲಿ ನಿಜವಾದ ಬೆಲೆ ಇರುತ್ತದೆ. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಜಮೀನು ಮಾರುವ ಒಂದು ಕ್ರಮವೇ ಅದು. ಹೆಂಡತಿಗೆ ಗಂಡನ ಜಮೀನಿನ ಮೂರನೇ ಒಂದು ಭಾಗದ ಮೇಲೆ ಜೀವಮಾನದ ಹಕ್ಕಿತ್ತು. ಅದನ್ನು ಬಿಟ್ಟುಕೊಡುವಾಗ ಅವಳನ್ನು ಗಂಡನಿಲ್ಲದೆ ಬೇರೆಯಾಗಿ ವಿಚಾರಿಸುತ್ತಿದ್ದರು. ಎಷ್ಟೋ ಹೆಂಗಸರ ಹೆಸರು ನಮಗೆ ಸಿಗುವುದು ಈ ಎರಡು ಸಾಲಿನಲ್ಲಿ ಮಾತ್ರ.

ಈಗ ಚಕ್ಕುಬಂದಿ. ‘ಬಿಳಿ ಓಕ್ ಮರದಿಂದ ಉತ್ತರಕ್ಕೆ 40 ಡಿಗ್ರಿ ಪೂರ್ವವಾಗಿ 120 ಪೋಲ್’ (ಅಂದರೆ ಉತ್ತರದಿಂದ ಪೂರ್ವದ ಕಡೆಗೆ 40 ಡಿಗ್ರಿ ತಿರುಗಿ) ಎಂಬ ಧಾಟಿಯಲ್ಲಿ ಅದು ಸಾಗುತ್ತದೆ. ಒಂದು ಪೋಲ್ ಹದಿನಾರೂವರೆ ಅಡಿ. ನಮ್ಮ ಗುಂಟೆ 33 ಅಡಿ ಚೌಕ, ಅಂದರೆ ಸರಿಯಾಗಿ 2 ಪೋಲ್ ಚೌಕ. ಎಕರೆಗೆ 160 ಚದರ ಪೋಲ್. ಒಂದು ಪೋಲಿಗೆ ಒಂದು ಮಿಲಿಮೀಟರ್ ಹಿಡಿದರೆ, 160ಕ್ಕೆ 200 ಪೋಲಿನ 200 ಎಕರೆ ಹೊಲ ಎ4 ಗ್ರಾಫ್ ಹಾಳೆಯಲ್ಲಿ ಹಿಡಿಯುತ್ತದೆ. ಕೋನಮಾಪಕ ಇಟ್ಟು ಗೆರೆಗಳನ್ನು ಒಂದರ ತುದಿಗೆ ಇನ್ನೊಂದರಂತೆ ಎಳೆಯಿರಿ. ಕೊನೆಯ ಗೆರೆ ಮೊದಲ ಮರಕ್ಕೆ ಬಂದು ಸೇರಬೇಕು. ತುಂಬ ದೂರ ನಿಂತರೆ ನಕಲು ಮಾಡಿದ ಗುಮಾಸ್ತ ಒಂದು ಸಾಲು ಹಾರಿಸಿದ್ದಾನೆ, ಇಲ್ಲವೆ ಪೂರ್ವವನ್ನು ಪಶ್ಚಿಮ ಮಾಡಿದ್ದಾನೆ. ಅದೇ ಹೊಲದ ಹಿಂದಿನ ಅಥವಾ ಮುಂದಿನ ಪತ್ರದಲ್ಲಿ ತಿದ್ದುಪಡಿ ಸಿಗುತ್ತದೆ. 1:24,000 ಅಳತೆಯ ಸರ್ಕಾರಿ ಭೂಪಟದ ಮೇಲೆ 120 ಪೋಲ್ ಸುಮಾರು 25 ಮಿಲಿಮೀಟರ್. ಅಂದು ಅಳೆದದ್ದು ದಿಕ್ಸೂಚಿಯಿಂದ, ಕಾಂತೀಯ ಉತ್ತರ ಕಾಲಕ್ಕೆ ತಕ್ಕಂತೆ ಸರಿಯುತ್ತದೆ. ಹಾಗಾಗಿ ನಕ್ಷೆಯನ್ನು ಇಡಿಯಾಗಿ ಕೆಲವು ಡಿಗ್ರಿ ತಿರುಗಿಸಿ ಹಳ್ಳದ ತಿರುವಿಗೆ ಕೂರಿಸಬೇಕಾಗುತ್ತದೆ.

ಇಷ್ಟು ಶ್ರಮ ಏಕೆಂದರೆ, ಒಂದೇ ಕೌಂಟಿಯಲ್ಲಿ ಮೂವರು ಜಾನ್ ಸ್ಮಿತ್ ಇದ್ದರೂ ಮೂವರ ಹೊಲ ಒಂದೇ ಆಗಿರಲಾರದು. ‘ಹಿರಿಯ’, ‘ಕಿರಿಯ’ ಎಂಬ ಬಿರುದು ನಂಬಿ ತಂದೆ–ಮಗ ಎಂದು ತೀರ್ಮಾನಿಸಬೇಡಿ; ನೆಂಟಸ್ತಿಕೆಯೇ ಇಲ್ಲದ ಇಬ್ಬರನ್ನು ಗುರುತಿಸಲೂ ಅದನ್ನೇ ಬಳಸುತ್ತಿದ್ದರು. ಹಿರಿಯ ತೀರಿಕೊಂಡರೆ ಕಿರಿಯನೇ ‘ಹಿರಿಯ’ನಾಗುತ್ತಿದ್ದ.

ಕೊಂಡ ಪತ್ರವಿಲ್ಲದೆ ಮಾರಿದ ಹೊಲ ಕಂಡರೆ ಅಲ್ಲಿ ನಿಲ್ಲಿ. ಒಂದೋ ಅದು ವಸಾಹತು ಸರ್ಕಾರ ಅಥವಾ ಉತ್ತರ ಭಾಗದ ಫೇರ್‌ಫ್ಯಾಕ್ಸ್ ಜಮೀನ್ದಾರಿಯಿಂದ ಸಿಕ್ಕ ಮಂಜೂರಾತಿ (ಎರಡರ ದಾಖಲೆಯೂ ರಿಚ್ಮಂಡ್‌ನ ಲೈಬ್ರರಿ ಆಫ್ ವರ್ಜೀನಿಯಾದಲ್ಲಿ, ಅಂತರಜಾಲದಲ್ಲೂ ಇದೆ), ಇಲ್ಲವೆ ಪಿತ್ರಾರ್ಜಿತ. ಉಯಿಲಿಲ್ಲದೆ ಸತ್ತವನ ಜಮೀನು 1786ರ ಕೊನೆಯವರೆಗೂ ಇಡಿಯಾಗಿ ಹಿರಿಮಗನಿಗೇ ಹೋಗುತ್ತಿತ್ತು. ಉಯಿಲಿನಲ್ಲಿ ಹಿರಿಮಗನ ಹೆಸರೇ ಇಲ್ಲದಿದ್ದರೆ ಅವನು ಸತ್ತಿದ್ದಾನೆ ಎಂದಲ್ಲ, ಅವನ ಪಾಲು ಮೊದಲೇ ಸೇರಿರಬಹುದು.

ಕೋರ್ಟಿನ ಕಡತಗಳಲ್ಲಿ ಚಾನ್ಸರಿ ವ್ಯಾಜ್ಯಗಳಷ್ಟು (ಆಸ್ತಿ ಪಾಲಿನಂಥ ತಕರಾರುಗಳನ್ನು ನ್ಯಾಯದೃಷ್ಟಿಯಿಂದ ತೀರ್ಮಾನಿಸುತ್ತಿದ್ದ ವ್ಯಾಜ್ಯಗಳು) ಫಲ ಕೊಡುವಂಥವು ಬೇರೆ ಇಲ್ಲ. ಅಣ್ಣತಮ್ಮಂದಿರು ಪಾಲಿಗೆ ಕಿತ್ತಾಡಿದ್ದರೆ ವಂಶಾವಳಿ ಹುಡುಕುವವರಿಗೆ ಹಬ್ಬ: ವಾರಸುದಾರರೆಲ್ಲರ ಹೆಸರು, ಹೆಣ್ಣುಮಕ್ಕಳ ಗಂಡಂದಿರು, ವಲಸೆ ಹೋದವರ ಊರು, ಎಲ್ಲವೂ ಅರ್ಜಿಯಲ್ಲಿರುತ್ತವೆ. ಅನೇಕ ಕೌಂಟಿಗಳ ಚಾನ್ಸರಿ ಕಡತಗಳ ಚಿತ್ರಗಳನ್ನು ಅದೇ ಲೈಬ್ರರಿ ಉಚಿತವಾಗಿ ತೆರೆದಿಟ್ಟಿದೆ. ಗುಲಾಮಗಿರಿಗೆ ಒಳಗಾದವರ ವಂಶಸ್ಥರಿಗೂ ಇವು ಮುಖ್ಯ; ಪೂರ್ವಜರ ಹೆಸರು ಆಸ್ತಿಪಟ್ಟಿ, ದಾನಪತ್ರ, ಪಾಲುಪಟ್ಟಿಗಳಲ್ಲಿ ಮಾಲೀಕನ ಹೆಸರಿನಡಿ ಸಿಗುತ್ತದೆ.

ಕೋರ್ಟಿನ ಭಾಷೆ ಎಡವಿಸುತ್ತದೆ. ‘ಶಿಶು’ ಎಂದರೆ 21 ತುಂಬದವನು. ‘ಅನಾಥ’ ಎಂದರೆ ಅಪ್ಪ ಸತ್ತವನು, ತಾಯಿ ಬದುಕಿರಬಹುದು. 14 ತುಂಬಿದವನು ಪೋಷಕನನ್ನು ತಾನೇ ಆರಿಸಬಹುದಿತ್ತು. ಹಾಗೆ ಆರಿಸಿದ ದಿನದಿಂದ ಹಿಂದಕ್ಕೆ ಎಣಿಸಿದರೆ ಹುಟ್ಟಿದ ಕಾಲದ ಅಂದಾಜು ಸಿಗುತ್ತದೆ. 1752ಕ್ಕೆ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ. 1720ರ ಫೆಬ್ರವರಿ ನಮ್ಮ ಲೆಕ್ಕಕ್ಕೆ 1721. ಇದು ಮರೆತರೆ ಉಯಿಲು ಬರೆಯುವ ಮೊದಲೇ ಮನುಷ್ಯ ಸತ್ತಂತೆ ಕಾಣುತ್ತದೆ!

ಹ್ಯಾನೋವರ್‌ನಂಥ ಕೌಂಟಿಗಳ ಪುಸ್ತಕಗಳು ಬಹುತೇಕ ಉಳಿದಿಲ್ಲ. ಅಂತರ್ಯುದ್ಧದಲ್ಲಿ ಸುರಕ್ಷಿತವಾಗಿರಲೆಂದು ರಿಚ್ಮಂಡ್‌ಗೆ ಕಳಿಸಿದ್ದವು ಅಲ್ಲೇ 1865ರ ಏಪ್ರಿಲ್‌ನಲ್ಲಿ ಸುಟ್ಟುಹೋದವು. ಅಂಥಲ್ಲಿ 1782ರಿಂದ ಆರಂಭವಾಗುವ ಭೂತೆರಿಗೆ ಮತ್ತು ಚರಾಸ್ತಿ ತೆರಿಗೆ ಪಟ್ಟಿಗಳನ್ನು ಒಂದು ವರ್ಷವೂ ಬಿಡದೆ ಓದಿ. ಒಬ್ಬನ ಹೆಸರಿನಲ್ಲಿದ್ದ 200 ಎಕರೆ ಮುಂದಿನ ವರ್ಷ ‘ಎಸ್ಟೇಟ್’ (ಸತ್ತವನ ಆಸ್ತಿ) ಎಂದಾಗಿ, ಆಮೇಲೆ 50ರಂತೆ ನಾಲ್ವರ ಹೆಸರಿಗೆ ಒಡೆದಿದ್ದರೆ, ಸುಟ್ಟುಹೋದ ಪಾಲುಪತ್ರದ ನೆರಳು ಅದೇ. ಅವರಲ್ಲಿ ಮನೆಹೆಸರು ಬೇರೆ ಇರುವವನು ಅಳಿಯನಿರಬಹುದು. ಪಕ್ಕದ ಕೌಂಟಿಯ ಪುಸ್ತಕಗಳಲ್ಲಿ ಅವನ ಹೆಂಡತಿ ಹಕ್ಕು ಬಿಟ್ಟುಕೊಟ್ಟ ಸಾಲನ್ನು ಹುಡುಕಿ.