ಕುದುರೆ ಸವಾರಿ: ಕೂರುವ ಭಂಗಿ ಮತ್ತು ಲಗಾಮು ಹಿಡಿದ ಕೈ

ಬೆಂಗಳೂರಿನ ಹೊರವಲಯದ ಸವಾರಿ ಶಾಲೆಯೊಂದರಲ್ಲಿ ನಾನು ಕಲಿಯಲು ತೊಡಗಿದಾಗ, ಟ್ರಾಟ್ (ಕುದುರೆಯ ಕುಲುಕು ಓಟ) ಶುರುವಾದೊಡನೆ ನನ್ನ ಮುಷ್ಟಿಗಳು ಎದೆಯ ಮಟ್ಟಕ್ಕೆ ಏರಿಬಿಡುತ್ತಿದ್ದವು. ಸೇನೆಯ ಅಶ್ವದಳದಿಂದ ನಿವೃತ್ತರಾಗಿದ್ದ ನಮ್ಮ ಉಸ್ತಾದರು ಕೈಯ ಮಾತನ್ನೇ ಎತ್ತದೆ, ಮೊದಲು ರಿಕಾಪಿನ, ಅಂದರೆ ಸವಾರ ಪಾದವಿಡುವ ಬಳೆಯ, ಪಟ್ಟಿಯನ್ನು ಉದ್ದ ಮಾಡಿಸಿದರು. ಕಾಲನ್ನು ಇಳಿಬಿಟ್ಟಾಗ ರಿಕಾಪಿನ ತಳ ಕಣಕಾಲಿನ ಗಂಟಿಗೆ ತಾಗಬೇಕೆಂಬುದು ಅವರ ಅಳತೆ. ಪಟ್ಟಿ ಗಿಡ್ಡವಾಗಿದ್ದುದರಿಂದ ಮಂಡಿ ಮೇಲೇರಿ, ಪಾದ ಮುಂದೆ ಚಾಚಿ, ನಾನು ಜೀನಿನ ಹಿಂಭಾಗಕ್ಕೆ ಜಾರುತ್ತಿದ್ದೆ. ಹಾಗೆ ಕೂತವರಿಗೆ ಆಯ ತಪ್ಪಿದಾಗ ಆಸರೆಗೆ ಸಿಗುವುದು ಲಗಾಮು ಒಂದೇ. ಕುರ್ಚಿಯಲ್ಲಿ ಕೂತಂತಲ್ಲ, ಕಾಲಗಲಿಸಿ ನೆಟ್ಟಗೆ ನಿಂತಂತಿರಬೇಕೆಂದು ಗ್ರೀಸಿನ ಲೇಖಕ ಕ್ಸೆನೊಫೋನ್ ಕ್ರಿ.ಪೂ. 4ನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ.

ಆಮೇಲೆ ಬಂದದ್ದು ಲಂಜ್. ಉಸ್ತಾದರು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತು ಹಾಕಿಸುವಾಗ ನನ್ನ ಕೈಯಲ್ಲಿ ಲಗಾಮೂ ಇಲ್ಲ, ಕಾಲಿಗೆ ರಿಕಾಪೂ ಇಲ್ಲ. ಕಿವಿ, ಭುಜ, ಸೊಂಟ, ಹಿಮ್ಮಡಿಗಳು ಒಂದೇ ಲಂಬರೇಖೆಯಲ್ಲಿರಬೇಕು. ತೊಡೆಯಿಂದ ಬಿಗಿಹಿಡಿದಷ್ಟೂ ನಾನು ಮೇಲಕ್ಕೆ ಪುಟಿಯುತ್ತಿದ್ದೆ. ಉಸಿರು ಬಿಟ್ಟು ಸೊಂಟವನ್ನು ಸಡಿಲಿಸಿ, ಕುದುರೆಯ ಬೆನ್ನಿನ ಏರಿಳಿತ ಅಲ್ಲಿಯೇ ಅಡಗುವಂತೆ ಮಾಡಿದ ಮೇಲೆ ಭುಜಗಳು ತಾವಾಗಿ ಇಳಿದವು.

ಲಗಾಮು ಮತ್ತೆ ಕೈಗೆ ಬಂದದ್ದು ಆಗ. ಅದು ಕಿರುಬೆರಳು ಮತ್ತು ಉಂಗುರ ಬೆರಳಿನ ನಡುವೆ ಒಳಸೇರಿ, ಮೇಲ್ಮುಖವಾದ ಹೆಬ್ಬೆರಳಿನ ಕೆಳಗಿಂದ ಹೊರಬರುತ್ತದೆ. ಪಕ್ಕದಿಂದ ನೋಡಿದರೆ ಮೊಣಕೈಯಿಂದ ಕುದುರೆಯ ಬಾಯಲ್ಲಿರುವ ಕಡಿವಾಣದವರೆಗೆ ಒಂದೇ ನೇರ ಗೆರೆ ಕಾಣಬೇಕು. ಆದ್ದರಿಂದ ಕೈಗೆ ಇಂಥದೇ ಎತ್ತರವೆಂದು ಗೊತ್ತುಮಾಡಲಾಗದು, ಕುದುರೆ ತಲೆ ಎತ್ತಿದರೆ ಕೈಯೂ ಅಷ್ಟೇ ಏರಬೇಕು. ನಡಿಗೆಯಲ್ಲಿ ಕುದುರೆ ತಲೆಯಾಡಿಸುತ್ತದೆ, ಮೊಣಕೈ ಅದನ್ನು ಅನುಸರಿಸುತ್ತದೆ. ಟ್ರಾಟ್‌ನಲ್ಲಿ ತಲೆ ಹೆಚ್ಚು ಆಡುವುದಿಲ್ಲ, ಏಳುತ್ತ ಕೂರುತ್ತ ಇರುವವರು ನಾವು. ಏಳುವಾಗ ಮೊಣಕೈ ಬಿಚ್ಚಿಕೊಂಡು ಕೂರುವಾಗ ಮಡಿಸಿಕೊಳ್ಳದಿದ್ದರೆ, ಮೈಯೊಂದಿಗೆ ಮುಷ್ಟಿಯೂ ಏರಿ ಕುದುರೆಯ ಬಾಯಿ ಜಗ್ಗುತ್ತದೆ. ನನಗೆ ಬೇಕಾಗಿದ್ದ ವಿವರ ಇದೇ. ಕುದುರೆಯ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ಕಿರುಬೆರಳುಗಳನ್ನು ಸಿಕ್ಕಿಸಿಕೊಂಡು ಏಳುತ್ತ ಕೂರುತ್ತ ಅಭ್ಯಾಸ ಮಾಡಿದಾಗ ಮೊಣಕೈಗೆ ಆ ಲಯ ಹತ್ತಿತು.

ಎರಡೂ ಕೈ ಸಮವಾಗಿವೆಯೇ ಎಂದು ತಿಳಿಯಲು ಹೆಬ್ಬೆರಳುಗಳ ಕೆಳಗೆ ಸಣ್ಣ ಬೆತ್ತವನ್ನು ಅಡ್ಡಲಾಗಿ ಹಿಡಿಯುತ್ತೇನೆ. ಎಡಸುತ್ತಿನಲ್ಲಿ ಅದರ ಬಲತುದಿ ಇಂದಿಗೂ ನನ್ನತ್ತ ಸರಿಯುತ್ತದೆ. ಆಗ ಬಲಗೈಯನ್ನು ಮುಂದೆ ತಳ್ಳುವ ಬದಲು ಬಲ ಸೊಂಟ ಹಿಂದೆ ಬಿದ್ದಿದೆಯೇ ಎಂದು ನೋಡಿಕೊಳ್ಳುತ್ತೇನೆ, ಬಹಳ ಸಲ ಬಿದ್ದಿರುತ್ತದೆ.