ಜೀನೋಮ್ ಗ್ರ್ಯಾಂಟ್: ದೆಹಲಿಯಾಗ ನಿಮ್ ಪ್ರಪೋಸಲ್ ಹೆಂಗ ತೂಗ್ತಾರ

ಬಳ್ಳಾರಿ, ಕೊಪ್ಪಳ ಕಡೆ ಕಾಲೇಜಿನ ಸರ್, ಮೇಡಮ್ಮೋರು ಜೀನೋಮ್ (ಒಂದು ಜೀವಿಯ ಪೂರ್ತಿ ಡಿಎನ್‌ಎ) ಓದಿಸೋಕ ರೊಕ್ಕ ಕೇಳಿ ದೆಹಲಿಗೆ ಬರದ ಪ್ರಪೋಸಲ್ ಬಹಳ ಓದೀನ್ರಿ. ಹೆಚ್ಚಿನವು ವಾಪಸ್ ಬಂದ್ವು, ಎಲ್ಲಾ ಒಂದೇ ಜಾಗದಾಗ ಎಡವಿದ್ವು. ನಮ್ ಭಾಗ ಎಷ್ಟು ಹಿಂದ ಉಳದೈತಿ ಅಂತ ಆರು ಪುಟ ಬರೀತಾರ, ಸ್ಯಾಂಪಲ್ ಎಷ್ಟು, ಡೇಟಾ ಯಾರು ಬಿಡಿಸ್ತಾರ ಅನ್ನೋದಕ್ಕ ಅರ್ಧ ಪುಟ. ಕಮಿಟಿ ಓದೋದು ಆ ಅರ್ಧ ಪುಟನ.

ಮೊದ್ಲು ಕಾಲ್, ಅಂದ್ರ ಪ್ರಪೋಸಲ್ ಕಳಸ್ರಿ ಅನ್ನೋ ಪ್ರಕಟಣೆ ಬರ್ತೈತಿ, ಡಿಬಿಟಿ ಅಂದ್ರ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆದು. ಇಪ್ರೊಮಿಸ್ ಪೋರ್ಟಲ್‌ನಾಗ ಹಾಕ್ರಿ, ಕೊನೇ ದಿನಕ್ಕ ಬಿಡಬ್ಯಾಡ್ರಿ, ಅಷ್ಟ.

ಆಮ್ಯಾಗ ಆಫೀಸಿನಾಗ ಕಾಗದ ನೋಡ್ತಾರ: ಸಂಸ್ಥೆಯ ಒಪ್ಪಿಗೆ ಪತ್ರ, ಮನುಷ್ಯರ ರಕ್ತ ತಗೊಳ್ಳೋದಿದ್ರ ಎಥಿಕ್ಸ್ ಕಮಿಟಿ ಕಾಗದ. ಐಸಿಎಂಆರ್ ಅಂದ್ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಐತಿ, ಅದರ ಪ್ರಕಾರ ಒಪ್ಪಿಗೆ ಫಾರ್ಮ್ ಕನ್ನಡದಾಗ ಮಾಡಿಸ್ರಿ, ರಕ್ತ ಕೊಡೋರಿಗೆ ತಿಳೀಬೇಕಲ್ಲ.

ಇನ್ನ ಮುಖ್ಯ ಜಾಗ, ರಿವ್ಯೂವರ್‌ಗಳು ಮತ್ತ ತಜ್ಞರ ಕಮಿಟಿ. ಕುಷ್ಟಗಿ ಕಡೆ ದಾಳಿಂಬಿ ತ್ವಾಟ ಹಾಳು ಮಾಡೋ ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ರೋಗನ ಉದಾಹರಣೆಗೆ ತಗೊಳ್ರಿ. 'ದಾಳಿಂಬಿ ಜೀನೋಮ್ ಅಧ್ಯಯನ' ಅಂತ ಬರದ್ರ ಯಾರ ಜೀನೋಮು, ಗಿಡದ್ದೋ ರೋಗದ್ದೋ ಅಂತಾನ ಮೊದ್ಲು ಕೇಳ್ತಾರ. ದುಂಡಾಣುವಿಂದು ಸುಮಾರು 50 ಲಕ್ಷ ಡಿಎನ್‌ಎ ಅಕ್ಷರ, ದಾಳಿಂಬಿ ಗಿಡದ್ದು 30 ಕೋಟಿ ಮ್ಯಾಲ, ಮೆಣಸಿನಕಾಯಿ ಗಿಡ ಆದ್ರ 300 ಕೋಟಿ, ಹತ್ತಿರ ಹತ್ತಿರ ಮನುಷ್ಯರಷ್ಟ. ಒಂದೊಂದು ಅಕ್ಷರನೂ ಸೀಕ್ವೆನ್ಸರ್ ಮಷೀನ್‌ನಾಗ ಸರಾಸರಿ 30 ಸಲ ಓದಿಸ್ಬೇಕಂದ್ರ ನೀವ ಲೆಕ್ಕ ಹಾಕ್ರಿ, 100 ದುಂಡಾಣು ಓದಿಸಿದ್ರೂ ಒಂದು ಮೆಣಸಿನ ಗಿಡದ ಆರ್ನೇ ಒಂದು ಪಾಲು ಓದು ಆಗ್ತೈತಿ. ಆದ್ರ ಲೈಬ್ರರಿ ಪ್ರೆಪ್, ಅಂದ್ರ ಓದಿಸೋ ಮೊದ್ಲು ಡಿಎನ್‌ಎ ತಯಾರು ಮಾಡೋ ಖರ್ಚು ಪ್ರತಿ ಸ್ಯಾಂಪಲ್‌ಗೂ ಬ್ಯಾರೆ ಬೀಳ್ತೈತಿ, ಇದನ್ನ ಮರತೋರನ್ನ ಬಹಳ ಕಂಡೀನಿ.

ಸ್ಯಾಂಪಲ್ 60 ಅಂತ ಬರದ್ರ ಯಾಕ 60 ಅಂತ ಬರೀರಿ. ಎಷ್ಟು ತ್ವಾಟ, ಯಾವ ತಿಂಗಳು, ರೋಗ ಇಲ್ಲದ ತ್ವಾಟ ಎಷ್ಟು. ರೋಗ ಜೋರಾಗೋದು ಮಳಿಗಾಲದಾಗ, ನೀವು ಬ್ಯಾಸಿಗ್ಯಾಗ ಸ್ಯಾಂಪಲ್ ಎತ್ತತೀವಿ ಅಂತ ಚಾರ್ಟ್ ಹಾಕಿದ್ರ ಅಲ್ಲೇ ಸಿಕ್ಕಬೀಳ್ತೀರಿ. ಗಿಡದ ಡಿಎನ್‌ಎ ತಗ್ಯೋದಿದ್ರ ಅಗ್ಗದ ಕಿಟ್ ನಂಬಬ್ಯಾಡ್ರಿ, ದಾಳಿಂಬಿ ಎಲಿಯಾಗ ಪಾಲಿಫಿನಾಲ್ ಅನ್ನೋ ರಾಸಾಯನಿಕ ಜಾಸ್ತಿ ಇರ್ತೈತಿ, ಡಿಎನ್‌ಎ ಕಂದು ಬಣ್ಣಕ್ಕ ತಿರುಗತೈತಿ, ನಾನಂತೂ ಸಿಟಿಎಬಿ ಅನ್ನೋ ರಾಸಾಯನಿಕ ಹಾಕಿ ಡಿಎನ್‌ಎ ತಗ್ಯೋ ಹಳೇ ವಿಧಾನನ ಬರೀರಿ ಅಂತೀನಿ.

ಸೀಕ್ವೆನ್ಸರ್ ಮಷೀನ್ ಬಜೆಟ್‌ನಾಗ ಹಾಕ್ಲೇಬ್ಯಾಡ್ರಿ. ಹೊರಗ ಓದಿಸ್ರಿ, ಆ ರೊಕ್ಕದಾಗ ಡೇಟಾ ಬಿಡಿಸೋ ಹುಡುಗನ್ನೋ ಹುಡುಗಿನ್ನೋ ಇಟ್ಕೊಳ್ರಿ, ಜೆಆರ್‌ಎಫ್ (ಕಿರಿಯ ಸಂಶೋಧಕರ) ಸ್ಟೈಪೆಂಡ್ ತಿಂಗಳಿಗೆ 37,000 ರೂಪಾಯಿ, ಮನಿ ಬಾಡಿಗಿ ಭತ್ಯೆ ಬ್ಯಾರೆ. ಒಬ್ಬ ಮನುಷ್ಯನ ಡೇಟಾನ 100 ಜಿಬಿ ಹತ್ರ ಆಗ್ತೈತಿ, ಎಲ್ಲಿ ಇಡ್ತೀರಿ ಅಂತ ಕೇಳೇ ಕೇಳ್ತಾರ. ಸರ್ವರ್ ಖರ್ಚು ಬರೀರಿ, ಕಡೀಗೆ ಫರೀದಾಬಾದಿನ ಇಂಡಿಯನ್ ಬಯಾಲಾಜಿಕಲ್ ಡೇಟಾ ಸೆಂಟರ್‌ಗೆ ಹಾಕ್ತೀವಿ ಅಂತನೂ ಬರೀರಿ, ಯಾಕಂದ್ರ ಸರ್ಕಾರಿ ರೊಕ್ಕದ ಡೇಟಾ ಹಂಚ್ಕೋಬೇಕು ಅಂತ 2021ರಾಗ ಬಯೋಟೆಕ್ ಪ್ರೈಡ್ ಮಾರ್ಗಸೂಚಿ ಬಂದೈತಿ. ಜನರ ಮ್ಯಾಲಿನ ಕೆಲಸ ಆದ್ರ ಜೀನೋಮ್ ಇಂಡಿಯಾ ಅನ್ನೋ ಸರ್ಕಾರಿ ಯೋಜನೆಯಾಗ 10,000 ಜನರದ್ದು ಮಾಡ್ಯಾರಲ್ಲ, ನಿಮ್ದು ಹೊಸದೇನು ಅಂತಾರ, ಅದಕ್ಕ ಒಂದು ಪ್ಯಾರಾ ಮೊದ್ಲಾ ಬರದಿಡ್ರಿ.

ರೊಕ್ಕ ತಗೊಂಡು ಪ್ರಪೋಸಲ್ ಬರದು ಕೊಡೋರು ಸಿಗ್ತಾರ, ಬ್ಯಾಡ್ರಿ. ಕಮಿಟಿ ಮುಂದ ಪ್ರೆಸೆಂಟೇಶನ್‌ಗೆ ನಿಂತಾಗ ಉತ್ತರ ಹೇಳೋರು ನೀವು. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ರಿ, ಆ ಕೆಲಸ ಬಲ್ಲೋರನ್ನ ಕೋ-ಪಿಐ (ಜೊತೆ ಸಂಶೋಧಕ) ಮಾಡ್ಕೊಂಡಿದ್ರ ಅವರ ಹೆಸರು ಹೇಳ್ರಿ, ಅದು ಭಾಳ ತೂಕ ಕೊಡತೈತಿ.

ಕಮಿಟಿ ಹೂಂ ಅಂದ್ರೂ ಮುಗೀಲಿಲ್ಲ. ಬಜೆಟ್ ಕಡಿಮಿ ಮಾಡ್ತಾರ, ಹಣಕಾಸು ವಿಭಾಗ ಒಪ್ಪಬೇಕು, ಆಮ್ಯಾಗ ಸ್ಯಾಂಕ್ಷನ್ ಆರ್ಡರ್. ರೊಕ್ಕ ಕಂತಿನ್ಯಾಗ ಬರ್ತೈತಿ, ಮುಂದಿನ ಕಂತಿಗೆ ಯುಟಿಲೈಜೇಶನ್ ಸರ್ಟಿಫಿಕೇಟ್, ಅಂದ್ರ ಕೊಟ್ಟ ರೊಕ್ಕ ಅದೇ ಕೆಲಸಕ್ಕ ಖರ್ಚಾತು ಅನ್ನೋ ಪ್ರಮಾಣಪತ್ರ ಬೇಕು, ಫಾರ್ಮ್ 12-ಎ. ಮಾರ್ಚ್ 31ಕ್ಕ ಲೆಕ್ಕ ಮುಗಸಿ ಏಪ್ರಿಲ್ ಮೊದಲ್ನೇ ವಾರದಾಗ ನಿಮ್ ಕಾಲೇಜಿನ ಅಕೌಂಟ್ಸ್ ಸೆಕ್ಷನ್‌ನಾಗ ಹೋಗಿ ಕುಂದ್ರಿ, ಸಹಿ ಆಗೋ ತನಕ ಏಳಬ್ಯಾಡ್ರಿ.