ಗಿರಿ ಇಳಿಯುವಾಗ ಕಾಲು ಉಳುಕದಂತೆ ನೋಡಿಕೊಳ್ಳುವುದು ಹೇಗೆ?

ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತುವವರಲ್ಲಿ ಹೆಚ್ಚಿನವರು ಏರಿಗೆ ಅಂಜುತ್ತಾರೆಯೇ ಹೊರತು ಇಳಿಜಾರಿಗಲ್ಲ. ಆದರೆ ಸುಮಾರು 1,930 ಮೀಟರ್ ಎತ್ತರದ ಆ ಶಿಖರದಿಂದ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಮೈಭಾರವನ್ನು ತಡೆಹಿಡಿಯುತ್ತಲೇ ಹಿಗ್ಗಬೇಕಾಗುವುದರಿಂದ ಅವುಗಳ ಎಳೆಗಳಿಗೆ ಸೂಕ್ಷ್ಮ ಹಾನಿಯಾಗುತ್ತದೆ. ದಣಿದ ಕಾಲು ತಪ್ಪಿದ ಹೆಜ್ಜೆಯನ್ನು ಥಟ್ಟನೆ ಸರಿಪಡಿಸಿಕೊಳ್ಳಲಾರದು. ಆದ್ದರಿಂದ ಗಾಯ ತಡೆಯುವ ಕೆಲಸ ಹಿಂದಿನ ರಾತ್ರಿಯ ಊಟದಿಂದಲೇ ಶುರುವಾಗಬೇಕು.

ಊಟ, ತಿಂಡಿ: ರಾತ್ರಿ ಉಂಡ ಅನ್ನವೋ ಮುದ್ದೆಯೋ ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಸಕ್ಕರೆ) ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾಗುತ್ತದೆ. ನಿದ್ದೆಯ ಹೊತ್ತಿನಲ್ಲಿ ಯಕೃತ್ತಿನ ದಾಸ್ತಾನು ಕರಗುವುದರಿಂದ ಹೊರಡುವ ಎರಡು ಗಂಟೆ ಮೊದಲು ಇಡ್ಲಿ, ಕಡುಬು ಅಥವಾ ಅವಲಕ್ಕಿ ತಿನ್ನಬೇಕು. ಕರಿದದ್ದು ನಿಧಾನವಾಗಿ ಜೀರ್ಣವಾಗುವುದರಿಂದ ಬೇಡ. ಕಾಫಿ ಸೀಮೆಯವರಿಗೆ ಒಂದು ಮಾತು: ಕಾಫಿ ಆಯಾಸದ ಅರಿವನ್ನು ತಗ್ಗಿಸೀತು, ಆದರೆ ಬರಿ ಹೊಟ್ಟೆಯ ಒಂದು ಲೋಟ ಕಾಫಿ ತಿಂಡಿಯಾಗುವುದಿಲ್ಲ.

ದಾರಿಯಲ್ಲಿ: ನಡಿಗೆ ಒಂದು ಗಂಟೆ ಮೀರಿದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಎರಡು ಪಚ್ಚಬಾಳೆ ಸಾಕಾಗುತ್ತದೆ. ಏಲಕ್ಕಿ ಬಾಳೆಯಾದರೆ ಇನ್ನೂ ಒಂದೆರಡು ಬೇಕು. ನೀರನ್ನು ಬಾಯಾರಿಕೆಗೆ ತಕ್ಕಂತೆ ಗುಟುಕರಿಸಿ. ಇಳಿಯುವಾಗ ಮೊಣಕಾಲನ್ನು ತುಸು ಬಾಗಿಸಿ ಸಣ್ಣ ಹೆಜ್ಜೆ ಇಡಿ.

ಉಳುಕಿದರೆ: ಪಾದ ಒಳಮುಖವಾಗಿ ಹೊರಳಿದಾಗ ಸಾಮಾನ್ಯವಾಗಿ ಹಾನಿಯಾಗುವುದು ಹೊರಬದಿಯ ಅಸ್ಥಿರಜ್ಜುಗಳಿಗೆ, ಅಂದರೆ ಮೂಳೆಗಳನ್ನು ಜೋಡಿಸಿ ಹಿಡಿಯುವ ಪಟ್ಟಿಗಳಿಗೆ. ಮೊದಲು ಮೂಳೆ ಮುರಿದಿರುವ ಶಂಕೆ ಇದೆಯೇ ಎಂದು ನೋಡಬೇಕು. ಕಾಲಗಂಟಿನ ಎರಡೂ ಬದಿಯ ಉಬ್ಬು ಮೂಳೆಗಳ ತುದಿ ಅಥವಾ ಅವುಗಳ ಹಿಂಬದಿಯ ಅಂಚಿನ ಕೊನೆಯ 6 ಸೆಂಟಿಮೀಟರ್ ಭಾಗವನ್ನು ಒತ್ತಿದಾಗ ನೋವಾದರೆ, ಇಲ್ಲವೇ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಪಾದದ ಹೊರ ಅಂಚಿನ ನಡುವೆ ಇರುವ ಉಬ್ಬು ಮೂಳೆ ನೋಯುತ್ತಿದ್ದರೂ ಇದೇ ಮಾತು. ಇಂಥ ಲಕ್ಷಣಗಳಿಲ್ಲದಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಟ್ಟು, ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲನ್ನು ಎದೆಮಟ್ಟಕ್ಕಿಂತ ಮೇಲಿರಿಸಿ. ಎಣ್ಣೆ ಹಚ್ಚಿ ಉಳುಕು ತೆಗೆಸುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಮೊದಲ ಎರಡು ಮೂರು ದಿನಗಳಲ್ಲಿ ತಿಕ್ಕುವುದರಿಂದ ರಕ್ತಸ್ರಾವ ಮತ್ತು ಬಾವು ಹೆಚ್ಚಬಹುದಾದ್ದರಿಂದ ಅದನ್ನು ಒಪ್ಪಲಾಗದು.

ಮುಂದಿನ ದಿನಗಳು: ಮರುದಿನದಿಂದ ಮೂರನೆಯ ದಿನದವರೆಗೆ ಎರಡೂ ತೊಡೆಗಳು ಸಮನಾಗಿ ನೋಯುವುದು ಸಹಜ, ಅದು ತಾನಾಗಿ ಇಳಿಯುತ್ತದೆ. ಒಂದೇ ಜಾಗದಲ್ಲಿ ಚುಚ್ಚಿದಂತೆ ಥಟ್ಟನೆ ಹುಟ್ಟಿದ ನೋವು ಬೇರೆ. ಅದನ್ನು ವೈದ್ಯರಿಗೆ ತೋರಿಸಬೇಕು. ಹೊತ್ತುಹೊತ್ತಿನ ಊಟದಲ್ಲಿ ಮೊಟ್ಟೆ, ಹೆಸರುಕಾಳು, ಮೊಸರಿನಂಥ ಪ್ರೋಟೀನ್ ಆಹಾರವಿರಲಿ. ಉಳುಕಿದ ಕಾಲಿಗೆ ದೀರ್ಘ ವಿಶ್ರಾಂತಿಗಿಂತ, ನೋವು ಸಹಿಸುವ ಮಟ್ಟಿಗೆ ಬೇಗನೆ ನಡೆಯುವುದೇ ಒಳ್ಳೆಯದು. ಆಮೇಲೆ ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿ, ಎರಡೂ ಕಾಲುಗಳಲ್ಲಿ ಸಮನಾಗಿ ಕುಪ್ಪಳಿಸಲು ಬಂದ ಬಳಿಕವಷ್ಟೇ ಮತ್ತೆ ಇಳಿಜಾರಿಗೆ ಹೋಗಬಹುದು.